ನಾಟಿಯೋ ಕೂರಿಗೆಯೋ: ಸರ್ವರಿಗೆ ಕಂಟ್ರೋಲ್ ಪ್ಯಾನೆಲ್ ಹಾಕುವ ಎರಡು ದಾರಿ

ನಾನು ಮೊದಲ ಸಲ ಸರ್ವರೊಂದಕ್ಕೆ ಕಂಟ್ರೋಲ್ ಪ್ಯಾನೆಲ್ ಹಾಕಲು ಕೂತಿದ್ದು ರಾಯಚೂರಿನ ಒಂದು ಮೇ ತಿಂಗಳ ಮಧ್ಯಾಹ್ನ. ಎಲ್ಲವನ್ನೂ ತಾನೇ ಹಾಕುವ ಸ್ಕ್ರಿಪ್ಟು ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಯಿತು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ವಿದ್ಯುತ್ ಕಳಿಸುವ ಸ್ಥಾವರ ನಮ್ಮೂರಿನಿಂದ ಅರ್ಧ ತಾಸಿನ ದಾರಿ. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಇನ್ವರ್ಟರ್ ಕಂಪ್ಯೂಟರನ್ನು ಹಿಡಿದುಕೊಂಡಿತು, ರೌಟರನ್ನು ಹಿಡಿಯಲಿಲ್ಲ. ಅದರ ಪ್ಲಗ್ಗು ಬೇರೆ ಬೋರ್ಡಿನಲ್ಲಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಒಳಹೊಕ್ಕು ನೋಡಿದರೆ ಡೇಟಾಬೇಸ್ ಬಂದು ಕೂತಿದೆ, ವೆಬ್ ಸರ್ವರ್ ಅರ್ಧ ಬಂದಿದೆ, ಮೇಲ್ ಸರ್ವರಿನ ಸುಳಿವಿಲ್ಲ. ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ‘ಅಡ್ಮಿನ್ ಎಂಬ ಬಳಕೆದಾರ ಆಗಲೇ ಇದ್ದಾನೆ, ಅವನನ್ನು ತೆಗೆದು ಬಾ’ ಅಂದಿತು. ಅವನನ್ನು ತೆಗೆದರೆ ಇನ್ನೊಂದು ತಕರಾರು. ಕೊನೆಗೆ ಸರ್ವರನ್ನೇ ಒರೆಸಿ ಮೊದಲಿಂದ ಶುರು ಮಾಡಿದೆ.

ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಪುಟ್ಟ ಸಲಕರಣೆಯೊಳಗೆ ಕೆಲಸ ಶುರು ಮಾಡಿದರೆ ನಮ್ಮ ಲೈನ್ ಹೋದರೂ ಸರ್ವರಿನಲ್ಲಿ ಕೆಲಸ ನಡೆಯುತ್ತಿರುತ್ತದೆ ಎಂದು ಆಮೇಲೆ ಕಲಿತೆ. ಆದರೆ ಅವತ್ತು ತಲೆಯೊಳಗೆ ಹೊಕ್ಕ ಪ್ರಶ್ನೆ ಬೇರೆ. ಇದನ್ನೆಲ್ಲ ಕೈಯಿಂದ ಒಂದೊಂದಾಗಿ ಹಾಕಿದ್ದರೆ ಎಲ್ಲಿ ನಿಂತಿದ್ದೇನೆ ಎಂದು ಗೊತ್ತಿರುತ್ತಿತ್ತಲ್ಲ?

ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅನುಸ್ಥಾಪನೆ ಅನ್ನುತ್ತಾರೆ. ಕೆಲಸ ಮಾಡುವವರ ಬಾಯಲ್ಲಿ ‘ಪ್ಯಾನೆಲ್ ಹಾಕೋದು’. ಬಾಡಿಗೆಗೆ ಪಡೆದ ಸರ್ವರ್ ಬರುವಾಗ ಬರಿದಾಗಿರುತ್ತದೆ, ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗೀಟು ಅಷ್ಟೇ. ಅದರ ಮೇಲೆ ಪುಟಗಳನ್ನು ಬಡಿಸುವ ಅಪಾಚಿ ಅಥವಾ ಎಂಜಿನ್‌ಎಕ್ಸ್, ಪಿಎಚ್‌ಪಿ, ಡೇಟಾಬೇಸ್, ಮೇಲ್ ಕಳಿಸಲು ಪೋಸ್ಟ್‌ಫಿಕ್ಸ್ ಅಥವಾ ಎಕ್ಸಿಮ್, ಮೇಲ್ ಓದಿಸಲು ಡವ್‌ಕಾಟ್, ಹೆಸರು ಬಿಡಿಸಲು ಬೈಂಡ್, ಕಾವಲಿಗೆ ಫೈರ್‌ವಾಲ್, ಇಷ್ಟೆಲ್ಲ ಕೂರಬೇಕು. ಇವೆಲ್ಲದರ ಮೇಲೆ ಬ್ರೌಸರಿನಲ್ಲಿ ತೆರೆದುಕೊಳ್ಳುವ, ಗುಂಡಿ ಒತ್ತಿ ಹೊಸ ಸೈಟು, ಹೊಸ ಮೇಲ್ ಖಾತೆ ಮಾಡಿಕೊಡುವ ಮುಖವೇ ಕಂಟ್ರೋಲ್ ಪ್ಯಾನೆಲ್. ಮಾನ್ವಿಯ ಅಕ್ಕಿ ಗಿರಣಿ, ದೇವದುರ್ಗದ ಕೋಚಿಂಗ್ ಸೆಂಟರು, ರಾಯಚೂರಿನ ಹತ್ತಿ ಅಡತಿ ಅಂಗಡಿ, ನಾಲ್ಕು ಪುಟದ ಪತ್ರಿಕೆಯ ಸುದ್ದಿತಾಣ, ಇವನ್ನೆಲ್ಲ ಒಂದೇ ಬಾಡಿಗೆ ಸರ್ವರಿನಲ್ಲಿ ಇಟ್ಟು ನೋಡಿಕೊಳ್ಳುವ ನನ್ನಂಥವರಿಗೆ ಅದಿಲ್ಲದೆ ಕೆಲಸ ಸಾಗದು.

ಎರಡು ದಾರಿಯ ಈ ವಾದ ನಮ್ಮ ಜಿಲ್ಲೆಗೆ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ, ಅಂದರೆ ಮಾನ್ವಿ, ಸಿರವಾರ ಕಡೆ ನೀರು ಬರುವುದೇ ತಡ, ಬಂದರೂ ಕಡಿಮೆ. ಹಾಗಾಗಿ ಅಲ್ಲಿ ಅನೇಕರು ಸಸಿ ಮಡಿ ಮಾಡಿ, ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವುದನ್ನು ಬಿಟ್ಟು ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತತೊಡಗಿದರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಅದನ್ನೇ ಹೇಳುತ್ತ ಬಂದಿದೆ. ಆಳು ಉಳಿಯಿತು, ನೀರು ಉಳಿಯಿತು, ಕಳೆ ಹೆಚ್ಚಾಯಿತು. ನಾಟಿ ಗದ್ದೆಯಲ್ಲಿ ನಿಂತ ನೀರೇ ಕಳೆಯನ್ನು ತಡೆಯುತ್ತಿತ್ತು; ಕೂರಿಗೆ ಭತ್ತದಲ್ಲಿ ಆ ಕೆಲಸ ನಾವು ಮಾಡಬೇಕು. ಸ್ಕ್ರಿಪ್ಟಿನಿಂದ ಪ್ಯಾನೆಲ್ ಹಾಕಿದವರ ಪಾಡೂ ಹೆಚ್ಚುಕಡಿಮೆ ಇದೇ.

ಕೈಯಿಂದ ಹಾಕುವ ಕಾಲವನ್ನು ನೆನೆಯುವುದಾದರೆ ಐಎಸ್‌ಪಿಕಾನ್ಫಿಗ್ ಎಂಬ ಉಚಿತ ಪ್ಯಾನೆಲ್ಲನ್ನೇ ನೆನೆಯಬೇಕು. ಅದಕ್ಕೆ ‘ಪರ್ಫೆಕ್ಟ್ ಸರ್ವರ್’ ಎಂಬ ಹೆಸರಿನ ಪುಟಗಟ್ಟಲೆ ಕೈಪಿಡಿಗಳಿದ್ದವು. ಪ್ರತಿ ಲಿನಕ್ಸ್ ಆವೃತ್ತಿಗೆ ಒಂದೊಂದು. ಹೋಸ್ಟ್‌ನೇಮ್ ಇಡು, ಆ ಕಡತ ತೆರೆ, ಈ ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆ, ಸೇವೆಯನ್ನು ಮತ್ತೆ ಶುರು ಮಾಡು, ಪೋರ್ಟ್ ತೆರೆದಿದೆಯೇ ನೋಡು. ಕೊನೆಯ ಘಟ್ಟದಲ್ಲಿ ಮಾತ್ರ ಪ್ಯಾನೆಲ್. ಒಂದಿಡೀ ದಿನ ಹಿಡಿಯುತ್ತಿತ್ತು. ಆದರೆ ಸಂಜೆ ಏಳುವಾಗ ಯಾವ ಕಡತ ಎಲ್ಲಿದೆ, ಮೇಲ್ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಬೆರಳಿಗೆ ಅಂಟಿರುತ್ತಿತ್ತು. ಮುಂದೆ ಮೇಲ್ ನಿಂತರೆ ಯಾವ ಲಾಗ್ ತೆರೆಯಬೇಕು ಎಂದು ಹುಡುಕಬೇಕಾಗಿರಲಿಲ್ಲ. ಇಂದು ಅದೇ ತಂಡ ತಾನಾಗಿಯೇ ಎಲ್ಲ ಮಾಡುವ ಅನುಸ್ಥಾಪಕವನ್ನು ಕೊಡುತ್ತಿದೆ. ಕೈಪಿಡಿ ಬರೆದವರೇ ದಾರಿ ಬದಲಿಸಿದ ಮೇಲೆ ಹಳೆಯ ದಾರಿಯ ಪರ ವಾದ ಮಾಡುವುದು ಕಷ್ಟ.

ಅತ್ತ ದುಡ್ಡು ಕೊಟ್ಟು ಕೊಳ್ಳುವ ಪ್ಯಾನೆಲ್‌ಗಳು ಒಂದು ಸಾಲಿನ ಆಜ್ಞೆಗೆ ಬಂದು ಬಹಳ ಕಾಲವಾಯಿತು. 1996ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಿಪ್ಯಾನೆಲ್‌ಗೆ ಹೊಚ್ಚಹೊಸ, ಬೇರೇನೂ ಹಾಕದ ಸರ್ವರೇ ಬೇಕು. ಲೈಸೆನ್ಸು ಐಪಿ ವಿಳಾಸಕ್ಕೆ ಗಂಟು ಹಾಕಿಕೊಂಡಿರುತ್ತದೆ. ಒಮ್ಮೆ ಹಾಕಿದ ಮೇಲೆ ತೆಗೆಯುವ ದಾರಿ ಇಲ್ಲ; ಬೇಡವಾದರೆ ಆಪರೇಟಿಂಗ್ ಸಿಸ್ಟಮನ್ನೇ ಮತ್ತೆ ಹಾಕಬೇಕು. ಸ್ವಯಂಚಾಲಿತ ಅನುಸ್ಥಾಪನೆಯ ಗುಣವೂ ದೋಷವೂ ಇಲ್ಲೇ ಇದೆ. ಎಲ್ಲವನ್ನೂ ತಾನೇ ಹಿಡಿದಿದೆ, ಹಾಗಾಗಿ ಎಲ್ಲ ಒಂದಕ್ಕೊಂದು ಹೊಂದುತ್ತದೆ. ಎಲ್ಲವನ್ನೂ ತಾನೇ ಹಿಡಿದಿರುವುದರಿಂದಲೇ ನೀವು ಕೈ ಹಾಕಿ ತಿದ್ದಿದ ಕಡತವನ್ನು ಮುಂದಿನ ಅಪ್‌ಡೇಟಿನಲ್ಲಿ ಅಳಿಸಿ ತನ್ನದನ್ನು ಬರೆದುಬಿಡಬಲ್ಲದು. ಪ್ಯಾನೆಲ್ ಇರುವ ಸರ್ವರಿನಲ್ಲಿ ಅರ್ಧ ಕೆಲಸ ಗುಂಡಿಯಿಂದ, ಅರ್ಧ ಕೈಯಿಂದ ಮಾಡುವವರು ಅದಕ್ಕೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ನಾನೂ ತಿಂದಿದ್ದೇನೆ.

ಒಂದು ಸಾಲು ಅಂದರೆ ನಿಜಕ್ಕೂ ಒಂದು ಸಾಲೇ: ದೂರದ ಜಾಗದಿಂದ ಸ್ಕ್ರಿಪ್ಟನ್ನು ಇಳಿಸಿ, ಓದದೆ, ರೂಟ್ ಅಧಿಕಾರದಲ್ಲಿ ಓಡಿಸು. ಯಾರೋ ಅಪರಿಚಿತ ಬಂದು ‘ನಿಮ್ಮ ಮನೆ ಬೀಗ ನಾನೇ ಕೂರಿಸ್ತೀನಿ’ ಅಂದಾಗ ಬೀಗದ ಕೈಯನ್ನೂ ಅವನಿಗೇ ಕೊಟ್ಟು ಪೇಟೆಗೆ ಹೋದ ಹಾಗೆ. ಇದು ಬರೀ ಅನುಮಾನದ ಮಾತಲ್ಲ. ವೆಸ್ಟಾ ಎಂಬ ಉಚಿತ ಪ್ಯಾನೆಲ್ ನಮ್ಮಂಥ ಸಣ್ಣವರಲ್ಲಿ ಬಲು ಜನಪ್ರಿಯವಾಗಿತ್ತು. 2018ರ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅದರ ಅನುಸ್ಥಾಪನಾ ಸ್ಕ್ರಿಪ್ಟು ಹೊಸದಾಗಿ ಹುಟ್ಟಿದ ಅಡ್ಮಿನ್ ಪಾಸ್‌ವರ್ಡನ್ನು ಸದ್ದಿಲ್ಲದೆ ವೆಸ್ಟಾದ ಸರ್ವರಿಗೇ ಕಳಿಸುತ್ತಿತ್ತು. ಅಲ್ಲಿಗೆ ಹೊಕ್ಕಿದ್ದ ದಾಳಿಕೋರರ ಕೈಗೆ ಅದು ಸಿಕ್ಕಿತು. ಅದೇ ಅಕ್ಟೋಬರ್‌ನಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಇದನ್ನು ವಿವರವಾಗಿ ಬಯಲು ಮಾಡಿತು. ಆ ಪಾಸ್‌ವರ್ಡಿನಿಂದ ಒಳಬಂದವರು ಬಡಪಾಯಿ ಸರ್ವರುಗಳನ್ನು ಬೇರೆಯವರ ಮೇಲೆ ದಾಳಿ ಮಾಡಲು ಬಳಸಿಕೊಂಡಿದ್ದರು. ವೆಸ್ಟಾದ ಕವಲಾಗಿ ಬಂದ ಹೆಸ್ಟಿಯಾ ಈಗ ಅದರ ಜಾಗ ಹಿಡಿದಿದೆ.

ಕೈಯಿಂದ ಹಾಕಿದ್ದರೆ ಇದು ತಪ್ಪುತ್ತಿತ್ತೇ? ಈ ಒಂದು ಪ್ರಕರಣದಲ್ಲಿ ಹೌದು. ಆದರೆ 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್ ಎಂಬ ಇನ್ನೊಂದು ಪ್ಯಾನೆಲ್ಲಿನಲ್ಲಿ ಪಾಸ್‌ವರ್ಡೇ ಇಲ್ಲದೆ ರೂಟ್ ಅಧಿಕಾರ ಕೊಡುವ ತೂತು ಕಂಡಾಗ, ಅಂತರಜಾಲಕ್ಕೆ ತೆರೆದುಕೊಂಡಿದ್ದ ಸುಮಾರು 22,000 ಸರ್ವರುಗಳಲ್ಲಿ ಯಾರದು ಕೈಯಿಂದ ಹಾಕಿದ್ದು, ಯಾರದು ಸ್ಕ್ರಿಪ್ಟಿನಿಂದ ಹಾಕಿದ್ದು ಎಂದು ಸುಲಿಗೆಕೋರರು ಕೇಳಲಿಲ್ಲ. ತೂತು ಪ್ಯಾನೆಲ್ಲಿನಲ್ಲೇ ಇತ್ತು. ಅವತ್ತು ಉಳಿದುಕೊಂಡವರು ಪ್ಯಾನೆಲ್ಲಿನ ಪೋರ್ಟನ್ನು ತಮ್ಮ ಐಪಿಗೆ ಮಾತ್ರ ಬಿಟ್ಟು ಲೋಕಕ್ಕೆಲ್ಲ ಮುಚ್ಚಿದ್ದವರು. ಸೈಬರ್‌ಪ್ಯಾನೆಲ್ಲಿಗೆ ಅದು 8090, ಹೆಸ್ಟಿಯಾಕ್ಕೆ 8083, ವೆಬ್‌ಮಿನ್‌ಗೆ 10000. ಸ್ಕ್ರಿಪ್ಟು ಅದನ್ನು ತೆರೆದೇ ಇಡುತ್ತದೆ. ಇಲ್ಲದಿದ್ದರೆ ಹಾಕಿದವರಿಗೇ ಒಳಹೋಗಲು ಆಗದು. ಮುಚ್ಚುವುದು ನಮ್ಮ ಕೆಲಸ, ಅದೂ ಎರಡು ನಿಮಿಷದ ಕೆಲಸ, ಮತ್ತು ಹತ್ತರಲ್ಲಿ ಒಂಬತ್ತು ಮಂದಿ ನಾಳೆ ಮಾಡೋಣ ಎಂದು ಬಿಟ್ಟ ಕೆಲಸ. ನನ್ನ ಅಂದಾಜು, ಲೆಕ್ಕ ಕೇಳಬೇಡಿ.

ಉಚಿತ ಪ್ಯಾನೆಲ್ಲುಗಳ ಕಡೆಗೆ ಜನ ಇಷ್ಟು ಮುಗಿಬಿದ್ದದ್ದು ಯಾಕೆ ಎಂಬುದಕ್ಕೂ ಒಂದು ತಾರೀಖಿದೆ. 2019ರ ಜೂನ್ ಕೊನೆಯಲ್ಲಿ ಸಿಪ್ಯಾನೆಲ್ ಸರ್ವರಿಗೆ ಇಷ್ಟು ಎಂಬ ದರವನ್ನು ಬಿಟ್ಟು ಖಾತೆಗಳ ಎಣಿಕೆಗೆ ದರ ಕಟ್ಟಿತು. ಒಂದೇ ಸರ್ವರಿನಲ್ಲಿ ನೂರಾರು ಪುಟ್ಟ ಸೈಟುಗಳನ್ನು ತುಂಬಿಕೊಂಡಿದ್ದವರಿಗೆ ಬಿಲ್ಲು ಹಲವು ಪಟ್ಟಾಯಿತು. ಅದರ ಬೆನ್ನಿಗೇ 2020ರ ಡಿಸೆಂಬರ್‌ನಲ್ಲಿ, 2029ರವರೆಗೆ ಬಾಳುತ್ತದೆ ಎಂದು ನಂಬಿದ್ದ ಸೆಂಟ್‌ಒಎಸ್ 8 ಎಂಬ ಲಿನಕ್ಸ್ ಆವೃತ್ತಿ ಮರುವರ್ಷವೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಅಲ್ಮಾಲಿನಕ್ಸ್, ಉಬುಂಟು, ಡೆಬಿಯನ್ ಎಂದು ಎಲ್ಲರೂ ಸಾಮಾನು ಕಟ್ಟಿದರು. ಸ್ಕ್ರಿಪ್ಟಿನಿಂದ ಹಾಕಿದವರಿಗೆ ಗುಳೆ ಹೋಗುವುದು ಸಲೀಸಾಯಿತು: ಹೊಸ ಸರ್ವರ್ ತೆಗೆದುಕೊ, ಸ್ಕ್ರಿಪ್ಟು ಓಡಿಸು, ಬ್ಯಾಕಪ್ ತಂದು ಸುರಿ. ಕೈಯಿಂದ ಒಂದೊಂದು ಕಡತ ತಿದ್ದಿ ಚೊಕ್ಕವಾಗಿ ಕಟ್ಟಿದವರು, ಹಿಂದೆ ತಾವೇ ಏನೇನು ತಿದ್ದಿದ್ದೆವು ಎಂದು ನೆನಪಿಸಿಕೊಳ್ಳಲು ಕೂತರು. ಕೈಕೆಲಸದ ಅಭಿಮಾನಿಗಳು ಒಪ್ಪದಿದ್ದರೂ ಇದು ನಿಜ. ಬರೆದಿಡದ ಕೈಕೆಲಸಕ್ಕಿಂತ ಓದದ ಸ್ಕ್ರಿಪ್ಟೇ ವಾಸಿ. ಸ್ಕ್ರಿಪ್ಟನ್ನು ಬೇಕೆಂದಾಗ ಓದಿಯಾದರೂ ನೋಡಬಹುದು.

ಸ್ಕ್ರಿಪ್ಟು ಮಾಡದೆ ಬಿಡುವ ಕೆಲಸಗಳಿವೆಯಲ್ಲ, ಅವೇ ನಮ್ಮ ಕಡೆಯವರನ್ನು ಹೆಚ್ಚು ಕಾಡುವಂಥವು. ಸ್ಕ್ರಿಪ್ಟು ಬರೆದವನಿಗೆ ಕನ್ನಡ ಗೊತ್ತಿಲ್ಲ, ರಾಯಚೂರು ಗೊತ್ತಿಲ್ಲ.

ಮೊದಲನೆಯದು ಅಕ್ಷರದ ತಂಟೆ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಆದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರ 8.0 ಆವೃತ್ತಿಯವರೆಗೆ ತನ್ನಷ್ಟಕ್ಕೆ ಬಿಟ್ಟರೆ ಲ್ಯಾಟಿನ್ ಲಿಪಿಯನ್ನೇ ನಂಬಿಕೊಂಡಿತ್ತು. ಹಳೆಯ ಸರ್ವರಿನಿಂದ ಹೊಸದಕ್ಕೆ ಒಂದು ಸುದ್ದಿತಾಣವನ್ನು ನಾನೇ ಸಾಗಿಸಿದೆ. ಪ್ಯಾನೆಲ್ ಹಸಿರು ಟಿಕ್ ಹಾಕಿತು, ‘ಯಶಸ್ವಿ’ ಅಂದಿತು. ಬೆಳಿಗ್ಗೆ ಸಂಪಾದಕರ ಫೋನು: “ಏನ್ರೀ ಇದು, ನಮ್ಮ ಪೇಪರ್ ತುಂಬಾ ಬರೇ ಪ್ರಶ್ನೆನೇ ಅದಾವಲ್ರಿ, ಉತ್ತರ ಎಲ್ಲಿ?” ತೆರೆದು ನೋಡಿದರೆ ತಲೆಬರಹದಿಂದ ಕೊನೆಯವರೆಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಈ ರೋಗಕ್ಕೆ ಎರಡು ಮುಖ. ಪರದೆಯ ಮೇಲೆ ತಲೆಗೆ ಓರೆಗೀಟು ಹೊತ್ತ ರೋಮನ್ ‘ಎ’, ಪಕ್ಕದಲ್ಲೊಂದು ಪುಟ್ಟ 2, ಮತ್ತೆ ಅದೇ ‘ಎ’, ಮತ್ತೆ 2 ಎಂದು ಕಂಡರೆ ಜೀವ ಉಳಿದಿದೆ ಎಂದರ್ಥ. ಕನ್ನಡದ ಬೈಟುಗಳು ಅಲ್ಲೇ ಇವೆ, ಓದುವ ಕನ್ನಡಕ ಮಾತ್ರ ತಪ್ಪಿದೆ, ಸರಿಪಡಿಸಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆ ಡೇಟಾಬೇಸಿನೊಳಗೇ ಹೊಕ್ಕಿದ್ದರೆ ಅಕ್ಷರ ಸತ್ತಿದೆ, ಹಳೆಯ ಬ್ಯಾಕಪ್ ಒಂದೇ ಗತಿ. ನನ್ನ ಪುಣ್ಯಕ್ಕೆ ಹಳೆಯ ಸರ್ವರಿನ ಬಾಡಿಗೆ ಇನ್ನೂ ಮೂರು ದಿನ ಉಳಿದಿತ್ತು.

ಇದರ ಬಾಲ ಇನ್ನೊಂದು. ಮೂರು ಬೈಟಿನ ಹಳೆಯ ವ್ಯವಸ್ಥೆಯಲ್ಲಿ ಕನ್ನಡ ಸುಖವಾಗಿರುತ್ತದೆ, ಆದರೆ ಎಮೋಜಿಗೆ ನಾಲ್ಕು ಬೇಕು. ಓದುಗರೊಬ್ಬರು ಉದ್ದದ ಪತ್ರ ಬರೆದು ನಡುವೆ ಕೈಮುಗಿದ ಎಮೋಜಿ ಹಾಕಿದರೆ ಕೆಲವು ಹಳೆಯ ಸರ್ವರುಗಳಲ್ಲಿ ಆ ಕೈ ಬಂದಲ್ಲಿಗೆ ಪತ್ರ ಕತ್ತರಿಸಿಹೋಗುತ್ತಿತ್ತು. ನಮಸ್ಕಾರ ಮಾಡಿದ್ದೇ ತಪ್ಪು ಎನ್ನುವ ಹಾಗೆ.

ಎರಡನೆಯದು ಗಡಿಯಾರ. ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಲೋಕಮಾನ ಸಮಯದಲ್ಲೇ ಹುಟ್ಟುತ್ತವೆ. ಪ್ಯಾನೆಲ್ಲಿಗೆ ಏಷ್ಯಾ-ಕೋಲ್ಕತಾ ಎಂದು ಹೇಳಿ, ಪಿಎಚ್‌ಪಿಗೆ ಹೇಳುವುದನ್ನು ಮರೆತರೆ ಬೆಳಿಗ್ಗೆ 5 ಗಂಟೆಗೆ ಹಾಕಿದ ಸುದ್ದಿ ಹಿಂದಿನ ದಿನದ ರಾತ್ರಿ 11.30ರ ತಾರೀಖು ಹೊತ್ತು ಬರುತ್ತದೆ. ಪಿಎಚ್‌ಪಿ ತನ್ನಷ್ಟಕ್ಕೆ 2 ಎಂಬಿಗಿಂತ ದೊಡ್ಡ ಕಡತವನ್ನು ಒಳಗೆ ಬಿಡುವುದಿಲ್ಲ ಎಂಬುದೂ ಜಾತ್ರೆಯ ದಿನ, ವರದಿಗಾರ ಮೊಬೈಲಿನ ಫೋಟೋ ಏರಿಸಲಾಗದೆ ಬೈಯತೊಡಗಿದಾಗಲೇ ನೆನಪಾಗುವುದು. ಕನ್ನಡದಲ್ಲೇ ಡೊಮೇನ್ ಹೆಸರು ಬೇಕು, ಕೊನೆಗೆ ‘ಡಾಟ್ ಭಾರತ’ ಇರಬೇಕು ಎನ್ನುವ ಗಿರಾಕಿಗಳೂ ಈಗ ಇದ್ದಾರೆ. ಸರ್ವರಿನ ಹೊಟ್ಟೆಯೊಳಗೆ ಆ ಹೆಸರು ಎಕ್ಸ್, ಎನ್ ಮತ್ತು ಎರಡು ಅಡ್ಡಗೀಟಿನಿಂದ ಶುರುವಾಗುವ ರೋಮನ್ ಕಗ್ಗವಾಗಿಯೇ ಇರುತ್ತದೆ. ಅದನ್ನು ಒಮ್ಮೆಯಾದರೂ ಕೈಯಿಂದ ಬರೆದು ನೋಡಿದವರಿಗೆ ಮಾತ್ರ ಲಾಗ್‌ನಲ್ಲಿ ಕಂಡಾಗ ಅದು ತಮ್ಮದೇ ಸೈಟು ಎಂದು ಗುರುತು ಸಿಗುತ್ತದೆ.

ಮೇಲ್ ವಿಷಯಕ್ಕೆ ಬಂದರೆ, ಮಾನ್ವಿಯ ಆ ಗಿರಣಿಯ ಕತೆ ಹೇಳಲೇಬೇಕು. ಸೈಟು ಚೆನ್ನಾಗಿತ್ತು, ಸೋನಾ ಮಸೂರಿಯ ಫೋಟೋ ಇತ್ತು, ‘ನಮ್ಮನ್ನು ಸಂಪರ್ಕಿಸಿ’ ಎಂಬ ಫಾರಂ ಇತ್ತು. ಮಾಲೀಕರ ಮೇಲ್ ಗೂಗಲ್‌ನಲ್ಲಿತ್ತು. ಆದರೆ ಪ್ಯಾನೆಲ್ ಹಾಕಿದಾಗ ಅದು ತನ್ನ ರೂಢಿಯಂತೆ, ಈ ಡೊಮೇನಿನ ಮೇಲ್ ನನ್ನಲ್ಲೇ ಇದೆ ಎಂದು ಬರೆದುಕೊಂಡಿತ್ತು. ಫಾರಂ ತುಂಬಿದವರ ಪತ್ರಗಳೆಲ್ಲ ಸರ್ವರಿನಿಂದ ಹೊರಗೆ ಕಾಲಿಡದೆ ಅಲ್ಲೇ ಒಂದು ಮೂಲೆಯ ಡಬ್ಬಿಗೆ ಬಿದ್ದವು. ಎರರ್ ಇಲ್ಲ, ವಾಪಸು ಬಂದ ಪತ್ರ ಇಲ್ಲ. ಏಳು ತಿಂಗಳ ನಂತರ ಡಿಸ್ಕ್ ತುಂಬಿದ್ದು ಯಾಕೆ ಎಂದು ಹುಡುಕುವಾಗ ನನ್ನ ಕಣ್ಣಿಗೆ ಬಿತ್ತು. ಮಾಲೀಕರಿಗೆ ಹೇಳಲು ಹೋದೆ. ಅವರು ಬೈಯಲಿಲ್ಲ. “ಏಳು ತಿಂಗಳ ಗಿರಾಕಿ ಬರಲಿಲ್ಲಂತ ನಾ ವೆಬ್‌ಸೈಟ್‌ಗೇ ಬೈಕೋತ ಕುಂತಿದ್ದೆ. ಪಾಪ, ಅದು ಎಲ್ಲಾ ಕೂಡಿಟ್ಟಿತ್ತು ನೋಡ್ರಿ,” ಅಂದು ಚಹಾ ತರಿಸಿದರು. ತಪ್ಪು ನನ್ನದು. ಮೇಲ್ ಭಾಗವನ್ನು ಕೈಯಿಂದ ಕಟ್ಟಿದ್ದರೆ ‘ಈ ಡೊಮೇನಿನ ಪತ್ರ ಎಲ್ಲಿಗೆ ಹೋಗಬೇಕು’ ಎಂಬ ಸಾಲನ್ನು ನಾನೇ ಬರೆಯಬೇಕಾಗುತ್ತಿತ್ತು, ಬರೆಯುವಾಗ ಯೋಚಿಸುತ್ತಿದ್ದೆ. ಕೈಯಿಂದ ಹಾಕುವುದರ ಪರವಾಗಿ ನನಗೆ ತಿಳಿದ ದೊಡ್ಡ ವಾದ ಇದು.

ಇನ್ನು ಸ್ಕ್ರಿಪ್ಟು ಪೂರಾ ಮೇಲ್ ವ್ಯವಸ್ಥೆಯನ್ನು ಹಾಕಿ ಮುಗಿಸಿದರೂ ಅಮೆಜಾನ್, ಡಿಜಿಟಲ್‌ಓಷನ್ ಮುಂತಾದ ಸರ್ವರ್ ಬಾಡಿಗೆಗೆ ಕೊಡುವವರು ಮೇಲ್ ಹೊರಡುವ ಪೋರ್ಟ್ 25ನ್ನು ಮುಚ್ಚಿಯೇ ಕೊಡುತ್ತಾರೆ. ಎತ್ತಿಲ್ಲದ ಬಂಡಿ ಅಂಗಳದಲ್ಲಿ ನಿಂತ ಹಾಗೆ ಮೇಲ್ ಸರ್ವರ್ ಮೆಮೊರಿ ತಿನ್ನುತ್ತ ನಿಂತಿರುತ್ತದೆ. ಅದರ ಜೊತೆಗಿನ ವೈರಸ್ ತಪಾಸಕ ಕ್ಲ್ಯಾಮ್‌ಎವಿ ಒಂದೇ ಸುಮಾರು 1 ಜಿಬಿ ಮೆಮೊರಿ ಬೇಡುತ್ತದೆ. 1 ಜಿಬಿಯ ಅಗ್ಗದ ಸರ್ವರಿನಲ್ಲಿ ಡೇಟಾಬೇಸ್ ನಡುರಾತ್ರಿ ಸಾಯುವುದಕ್ಕೆ ಅದು ಎಷ್ಟೋ ಸಲ ಕಾರಣ. ಇವೇ ಕೂರಿಗೆ ಭತ್ತದ ಮಾತಿನಲ್ಲಿ ನಾನು ಹೇಳಿದ ಕಳೆ. ಹೆಸ್ಟಿಯಾದಂಥವು ಹಾಕುವ ಮುಂಚೆಯೇ ಯಾವುದು ಬೇಕು, ಯಾವುದು ಬೇಡ ಎಂದು ಹೇಳಲು ಅವಕಾಶ ಕೊಡುತ್ತವೆ. ಆ ಅವಕಾಶ ಬಳಸಿದವನು ಅರ್ಧ ಕೈಕೆಲಸದವನೇ.

ಒಂದು ವಿಷಯದಲ್ಲಿ ಮಾತ್ರ ವಾದವೇ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಸೈಟುಗಳ ಉಚಿತ ಭದ್ರತಾ ಪ್ರಮಾಣಪತ್ರದ ಆಯುಷ್ಯ 90 ದಿನ. ಅದನ್ನು ಕೈಯಿಂದ ನವೀಕರಿಸುತ್ತೇನೆ ಎನ್ನುವವನು ಮೂರನೆಯ ಸಲಕ್ಕೆ ಮರೆತೇ ಮರೆಯುತ್ತಾನೆ.

ಸರ್ಕಾರ ಈ ಜಗಳದಿಂದಲೇ ದೂರ ಸರಿದು ಮೂರನೆಯ ದಾರಿ ಹಿಡಿದಿದೆ. ರಾಯಚೂರು ನಗರ, ಮಾನ್ವಿ, ದೇವದುರ್ಗ ಮೂರರ ಸ್ಥಳೀಯ ಸಂಸ್ಥೆಗಳ ಜಾಲತಾಣಗಳೂ ಪೌರಾಡಳಿತ ನಿರ್ದೇಶನಾಲಯದ ಪೌರ ಸುಧಾರಣಾ ಕೋಶದ ಒಂದೇ ಡೊಮೇನಿನ ಕೆಳಗಿನ ಕವಲುಗಳು. ಜಿಲ್ಲೆಯ ಜಾಲತಾಣ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಎಸ್3ವಾಸ್ ಎಂಬ ಅಚ್ಚಿನಲ್ಲಿ ಎರೆದದ್ದು. ದೇಶದ ಬೇರೆ ಜಿಲ್ಲೆಗಳದೂ ಅದೇ ಅಚ್ಚು, ಚಿತ್ರ ಬೇರೆ, ಹೆಸರು ಬೇರೆ. ಪುರಸಭೆಯ ಸಿಬ್ಬಂದಿ ಸರ್ವರಿಗೆ ಪ್ಯಾನೆಲ್ ಹಾಕುವ ಪ್ರಮೇಯವೇ ಇಲ್ಲ. ಬರೆಯುವುದು, ಫೋಟೋ ಹಾಕುವುದು ಅಷ್ಟೇ. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಜಾಣತನ ಇಲ್ಲ. ಆದರೆ ಅಕ್ಕಿ ಗಿರಣಿಗೆ ಆ ಅಚ್ಚು ಸಿಗುವುದಿಲ್ಲವಲ್ಲ.

ಖಾಸಗಿಯವರಿಗೂ ಕೆಲವು ಸರ್ಕಾರಿ ಕಟ್ಟಳೆಗಳು ಬಂದಿವೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಸೈಬರ್ ದಾಳಿಯಾದರೆ 6 ತಾಸಿನೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು. ಡೆಬಿಯನ್‌ನ ಅಪಾಚಿ ತನ್ನಷ್ಟಕ್ಕೆ ಬಿಟ್ಟರೆ 14 ದಿನದ ಲಾಗ್ ಇಟ್ಟು ಉಳಿದದ್ದನ್ನು ಅಳಿಸುತ್ತದೆ. ಆ 14ನ್ನು 180 ಮಾಡುವುದು ಒಂದು ಅಂಕಿ ತಿದ್ದುವ ಕೆಲಸ. ಯಾವ ಅನುಸ್ಥಾಪಕವೂ ಇದನ್ನು ನಮಗಾಗಿ ತಿದ್ದಿದ್ದನ್ನು ನಾನು ನೋಡಿಲ್ಲ.

ಸರ್ವರುಗಳೇನೋ ಹತ್ತಿರ ಬಂದಿವೆ. 2016ರಲ್ಲಿ ಅಮೆಜಾನ್ ಮುಂಬೈಗೂ ಡಿಜಿಟಲ್‌ಓಷನ್ ಬೆಂಗಳೂರಿಗೂ ಬಂದವು. 2022ರಲ್ಲಿ ಅಮೆಜಾನ್ ಹೈದರಾಬಾದಿಗೂ ಬಂತು. 1956ರವರೆಗೆ ನಮ್ಮ ಜಿಲ್ಲೆಯ ಕಾಗದಪತ್ರವೆಲ್ಲ ಹೋಗುತ್ತಿದ್ದದ್ದೂ ಅಲ್ಲಿಗೇ. ಹತ್ತಿರ ಬಾರದೇ ಇರುವುದು ಅವನ್ನು ಬಿಚ್ಚಿ ನೋಡುವ ಧೈರ್ಯ. ಇಂಜಿನಿಯರಿಂಗ್ ಮುಗಿಸಿ ಬರುವ ಹುಡುಗರಿಗೆ ರೆಡಿ ಇಮೇಜ್ ಆರಿಸಿ ಪ್ಯಾನೆಲ್ ಎಬ್ಬಿಸಲು ಐದು ನಿಮಿಷ ಸಾಕು. ಡವ್‌ಕಾಟ್ ಎಂದರೇನು ಎಂದು ಕೇಳಿದರೆ ಮುಖ ನೋಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ನಾನು ಈಗ ಜೊತೆಗೆ ಬರುವವರಿಗೆ ಒಂದೇ ಕರಾರು ಹಾಕುತ್ತೇನೆ: ಮೊದಲ ಸರ್ವರನ್ನು ಕೈಯಿಂದ ಹಾಕಬೇಕು, ಹಾಕುತ್ತ ನೋಟುಬುಕ್ಕಿನಲ್ಲಿ ಬರೆಯಬೇಕು, ಮರುದಿನ ಅದನ್ನು ಒರೆಸಬೇಕು. ಎರಡನೆಯದರಿಂದ ಸ್ಕ್ರಿಪ್ಟು ಯಾವುದಾದರೂ ಆಗಲಿ. ದೊಡ್ಡ ಕಂಪನಿಗಳಲ್ಲಿ ಆನ್ಸಿಬಲ್‌ನಂಥ ಸಾಧನಗಳು ಮಾಡುವುದೂ ಕೊನೆಗೆ ಇದನ್ನೇ: ತಿಳಿದವನ ನೋಟುಬುಕ್ಕನ್ನು ಯಂತ್ರ ಓದುವ ಹಾಗೆ ಬರೆಯುವುದು.

ಕಳೆದ ಸಲ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗಿದ್ದೆ. ಅಲ್ಲೊಬ್ಬ ಹುಡುಗ ಕೋಚಿಂಗ್ ಸೆಂಟರಿನ ಸರ್ವರ್ ನೋಡಿಕೊಳ್ಳುತ್ತಾನೆ. “ಅಣ್ಣಾ, ನಾನೂ ಒಂದು ಸ್ಕ್ರಿಪ್ಟ್ ಮಾಡೀನಿ, ನೋಡ್ತೀಯೇನು?” ಎಂದು ಲ್ಯಾಪ್‌ಟಾಪ್ ತಿರುಗಿಸಿದ. ಹೊಸ ಉಬುಂಟು ಸರ್ವರಿನಲ್ಲಿ ತಾನೇ ನಡೆಯುವ ಅಪ್‌ಡೇಟು ಬೀಗ ಹಿಡಿದು ಕೂತಿದ್ದರೆ ಅದು ಬಿಡುವವರೆಗೆ ಕಾಯುವುದು, ಹೋಸ್ಟ್‌ನೇಮು, ಗಡಿಯಾರ, ನಾಲ್ಕು ಬೈಟಿನ ಅಕ್ಷರ, 180 ದಿನದ ಲಾಗು, ಪ್ಯಾನೆಲ್ ಪೋರ್ಟಿಗೆ ಬೀಗ, ಎಲ್ಲ ಇತ್ತು. ಪ್ಯಾನೆಲ್ಲನ್ನು ಹಾಕುವ ಸಾಲು ನಡುವೆ ಎಲ್ಲೋ ಒಂದು. ಹ್ಯಾಶ್ ಗುರುತಿನ ಮುಂದೆ ತನಗೆ ತಾನೇ ಟಿಪ್ಪಣಿ ಬರೆದುಕೊಂಡಿದ್ದ, ಕನ್ನಡದಲ್ಲೇ. ಹದಿನೇಳನೆಯ ಸಾಲಿನ ಹತ್ತಿರ ಹೀಗಿತ್ತು: ‘ಇದು ಯಾಕ ಬೇಕೋ ಗೊತ್ತಿಲ್ಲ, ಆದ್ರ ತೆಗದ್ರ ಮೇಲ್ ನಿಂದರ್ತದ. ಎರಡು ಸಲ ನೋಡೀನಿ.’